ಸಭಾಹಿರಿಯರನ್ನು ಸೇವೆಗೆ ಅಣಿಗೊಳಿಸುವುದು ಹೇಗೆ?

ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಗಳಲ್ಲಿ (ಚರ್ಚ್‌ಗಳಲ್ಲಿ) ಬಿಷಪ್ ಇರುವುದಿಲ್ಲ. ಸಭಾಪಾಲಕರೂ ಜನರು ಆರಿಸಿದ ಹಿರಿಯರೂ ಸೇರಿದ ‘ಸೆಷನ್’ ಆಡಳಿತ ನಡೆಸುತ್ತದೆ. ಊರಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಪಾಸ್ಟರೇಟ್ ಕಮಿಟಿಯಲ್ಲಿ ದುಡಿದು, ಈಗ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ ಸೇರಿದ ಕನ್ನಡಿಗರು ಇದನ್ನು ಮೊದಲು ತಿಳಿದಿರಬೇಕು. ಇಲ್ಲಿ ಹಿರಿಯರಿಗೂ ಕೈಗಳನ್ನಿಟ್ಟು ಪ್ರಾರ್ಥಿಸಿ ದೀಕ್ಷೆ ಕೊಡುತ್ತಾರೆ, ಅದೂ ಜೀವಮಾನಕ್ಕೆ ಒಂದೇ ಸಲ. ಇಷ್ಟು ದೊಡ್ಡ ಹೊಣೆಗೆ ಒಂದು ಸಂಜೆಯ ಪರಿಚಯ ಸಾಲದು. ಪಿಸಿಯುಎಸ್‌ಎ (ಪ್ರೆಸ್ಬಿಟೇರಿಯನ್ ಚರ್ಚ್ ಯುಎಸ್‌ಎ) ಪಂಗಡದ ನಿಯಮಕ್ಕೆ ಹೊಂದುವ ತರಬೇತಿಯನ್ನು ಹೀಗೆ ನಡೆಸಬಹುದು.

ಹಿರಿಯರಾಗುತ್ತೀರಾ ಎಂದು ಕೇಳುವಾಗಲೇ ನಿಜ ಹೇಳಿ. ಹೆಸರು ಸೂಚಿಸುವ ನಾಮನಿರ್ದೇಶನ ಸಮಿತಿಯಲ್ಲಿ ಕನಿಷ್ಠ 3 ಸದಸ್ಯರಿರಬೇಕು, ಒಬ್ಬರಾದರೂ ಹಾಲಿ ಸೆಷನ್‌ನ ಹಿರಿಯರಾಗಿರಬೇಕು. ಸಭಾಪಾಲಕರಿಗೆ ಅಲ್ಲಿ ಮತವಿಲ್ಲ. ‘ತಿಂಗಳಿಗೊಂದು ಮೀಟಿಂಗ್ ಅಷ್ಟೇ’ ಎಂದು ಒಪ್ಪಿಸಿದವರೇ ಮುಂದೆ ಅರ್ಧದಲ್ಲಿ ಕೈಬಿಡುತ್ತಾರೆ. ಅವಧಿ 3 ವರ್ಷ ಮೀರುವಂತಿಲ್ಲ, ಸತತವಾಗಿ 6 ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ ಎಂಬುದನ್ನೂ ಆಗಲೇ ತಿಳಿಸಿ.

ಪುಸ್ತಕ ಕೈಗೆ ಕೊಡಿ. ಸಂವಿಧಾನಕ್ಕೆ ಎರಡು ಭಾಗ: ವಿಶ್ವಾಸಪ್ರಮಾಣಗಳ ಸಂಗ್ರಹ ಮತ್ತು ‘ಬುಕ್ ಆಫ್ ಆರ್ಡರ್’ ಎಂಬ ನಿಯಮ ಪುಸ್ತಕ. ಪಂಗಡದ ರಾಷ್ಟ್ರಮಟ್ಟದ ‘ಜನರಲ್ ಅಸೆಂಬ್ಲಿ’ ಸೂಚಿಸಿ, ಬಹುಪಾಲು ಪ್ರೆಸ್ಬಿಟರಿಗಳು (ಒಂದು ಪ್ರದೇಶದ ಸಭೆಗಳ ಮೇಲಿನ ಮಂಡಳಿಗಳು) ಒಪ್ಪಿದ ತಿದ್ದುಪಡಿಗಳಂತೆ ಎರಡನೆಯದು ಬದಲಾಗುತ್ತಿರುತ್ತದೆ. ಕಪಾಟಿನಲ್ಲಿರುವ ಹಳೆಯ ಪ್ರತಿ ಬೇಡ, ಚಾಲ್ತಿಯ ಆವೃತ್ತಿಯನ್ನೇ ಕೊಡಿ.

ಎರಡೆರಡು ಗಂಟೆಯ ನಾಲ್ಕು ತರಗತಿ ಇಡಿ. ಚುನಾವಣೆಗೂ ದೀಕ್ಷೆಗೂ ನಡುವೆ ವಾರಕ್ಕೊಂದರಂತೆ ನಡೆಸಿದರೆ ಓದಲು ಬಿಡುವು ಸಿಗುತ್ತದೆ. ಮೊದಲ ಎರಡು ನಂಬಿಕೆ ಮತ್ತು ಬೋಧನೆಗೆ, ಮೂರನೆಯದು ಆಡಳಿತ ಮತ್ತು ಶಿಸ್ತಿಗೆ.

ನಾಲ್ಕನೆಯದು ಪೂರ್ತಿ ಕೈಕೆಲಸ, ಹೆಚ್ಚಿನ ಸಭೆಗಳು ಬಿಟ್ಟುಬಿಡುವುದೂ ಇದನ್ನೇ. ಒಂದು ಅಣಕು ಸೆಷನ್ ನಡೆಸಿ. ಪ್ರಾರ್ಥನೆಯಿಂದ ಆರಂಭ, ಪ್ರಾರ್ಥನೆಯಿಂದ ಮುಕ್ತಾಯ. ನಡುವೆ ಒಬ್ಬರು ಗೊತ್ತುವಳಿ ಮಂಡಿಸಲಿ, ಇನ್ನೊಬ್ಬರು ಅನುಮೋದಿಸಲಿ, ಮೂರನೆಯವರು ತಿದ್ದುಪಡಿ ತರಲಿ. ಆಮೇಲೆ ಪ್ರತಿಯೊಬ್ಬರೂ ನಡಾವಳಿ ಬರೆಯಲಿ: ದಿನಾಂಕ, ಸ್ಥಳ, ಅಧ್ಯಕ್ಷತೆ, ಹಾಜರಿ, ಗೊತ್ತುವಳಿಯ ಒಕ್ಕಣೆ, ಫಲಿತಾಂಶ. ಯಾರು ಯಾರಿಗೆ ಏನೆಂದರು ಎಂಬುದು ಅದರಲ್ಲಿ ಬರಬಾರದು. ಈ ನಡಾವಳಿ ಪುಸ್ತಕ ವರ್ಷಕ್ಕೊಮ್ಮೆ ಪ್ರೆಸ್ಬಿಟರಿಯ ಪರಿಶೀಲನೆಗೆ ಹೋಗುತ್ತದೆ. ವಾದವಿವಾದವನ್ನೆಲ್ಲ ಬರೆದಿಟ್ಟರೆ ಆರಿದ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ.

ಕಾಣಿಕೆ ಎಣಿಕೆಯನ್ನೂ ಮಾಡಿಸಿ. ಕನಿಷ್ಠ ಇಬ್ಬರು ಒಟ್ಟಿಗೆ ಕುಳಿತು ಎಣಿಸಲಿ. ಎಣಿಕೆ ಚೀಟಿಗೆ ಇಬ್ಬರೂ ಸಹಿ ಹಾಕಲಿ. ಅವರು ಒಂದೇ ಮನೆಯವರಾಗದಿರುವುದು ಒಳ್ಳೆಯದು. ಇದು ಯಾರ ಮೇಲಿನ ಅನುಮಾನವೂ ಅಲ್ಲ, ಎಣಿಸುವವರ ಹೆಸರಿಗೇ ರಕ್ಷಣೆ.

ಹೊಸಬರು ಎಡವುವ ಎರಡು ಕಡೆಗಳಿವೆ. ಬಜೆಟ್ ಮಂಜೂರು ಮಾಡುವುದು ಸೆಷನ್, ಸದಸ್ಯರ ಮಹಾಸಭೆಯಲ್ಲ. ಸಭಾಪಾಲಕರ ವೇತನದ ಷರತ್ತು ಬದಲಾದರೆ ಮಾತ್ರ ಆ ಬದಲಾವಣೆ ಸದಸ್ಯರ ಮತಕ್ಕೆ ಬರಬೇಕು. ಇನ್ನು, ಚರ್ಚ್ ಆಸ್ತಿಯನ್ನು ಮಾರಲು ಅಥವಾ ಅಡವಿಡಲು ಪ್ರೆಸ್ಬಿಟರಿಯ ಲಿಖಿತ ಒಪ್ಪಿಗೆ ಬೇಕೇಬೇಕು.

ಮಕ್ಕಳ ರಕ್ಷಣೆಯ ನೀತಿಯನ್ನು ಹಂಚಿ ಸುಮ್ಮನಾಗಬೇಡಿ. ದೂರು ಬಂದರೆ ಆ ಕ್ಷಣ ಯಾರಿಗೆ ತಿಳಿಸಬೇಕು ಎಂಬುದನ್ನು ಬಾಯಲ್ಲೇ ಹೇಳಿಸಿ.

ಪರೀಕ್ಷೆ ನಿಜವಾಗಿರಲಿ. ‘ಬುಕ್ ಆಫ್ ಆರ್ಡರ್’ನ ಜಿ-2.0402 ವಿಧಿಯ ಪ್ರಕಾರ ಸೆಷನ್ ಆಯ್ಕೆಯಾದವರ ವೈಯಕ್ತಿಕ ನಂಬಿಕೆ, ಸಂವಿಧಾನದ ತಿಳಿವಳಿಕೆ, ಸೇವೆಯ ಕರ್ತವ್ಯಗಳ ಬಗ್ಗೆ ವಿಚಾರಿಸಬೇಕು. ಹೌದು-ಅಲ್ಲ ಎನ್ನುವ ಪ್ರಶ್ನೆ ಬೇಡ. ‘ಒಂದು ಕುಟುಂಬ ಮಗುವಿಗೆ ದೀಕ್ಷಾಸ್ನಾನ ಕೇಳಿದರೆ ಒಪ್ಪಿಗೆ ಕೊಡುವವರು ಯಾರು?’ ಎಂದು ಕೇಳಿ. ಸಭಾಪಾಲಕರು ಎಂದರೆ ತಪ್ಪು, ಸೆಷನ್ ಎಂದರೆ ಸರಿ. ಪರೀಕ್ಷೆಯಲ್ಲಿ ಒಪ್ಪಿಗೆಯಾಗದಿದ್ದರೆ ವಿಷಯ ನಾಮನಿರ್ದೇಶನ ಸಮಿತಿಗೆ ಹಿಂದಿರುಗುತ್ತದೆ.

ದೀಕ್ಷೆಯ ನಂತರವೂ ಜೊತೆಗಿರಿ. ಮೊದಲ 6 ತಿಂಗಳು ಹೊಸಬರಿಗೆ ಒಬ್ಬ ಅನುಭವಿ ಹಿರಿಯರನ್ನು ಜೊತೆ ಮಾಡಿ. ಸತತ 6 ವರ್ಷ ಮುಗಿಸಿದವರು ಕನಿಷ್ಠ 1 ವರ್ಷ ಸೆಷನ್‌ನಿಂದ ಹೊರಗಿರಬೇಕು. ಆ ವರ್ಷ ಮುಂದಿನ ತಂಡದ ತರಗತಿಗಳನ್ನು ಅವರಿಗೇ ಒಪ್ಪಿಸಿ.