ಡಾರ್ಕ್ ರೂಮಿನ ಕತ್ತಲಲ್ಲಿ ಕಣ್ಣನ್ನು ಎಷ್ಟು ನಂಬಬಹುದು?

ಹಾಸನದಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಕಾಲದಲ್ಲಿ ಕಪ್ಪು-ಬಿಳುಪು ಫಿಲ್ಮನ್ನು ನಾನೇ ತೊಳೆಯುತ್ತಿದ್ದೆ. ಪ್ರಿಂಟ್ ಹಾಕುವ ಕಾಗದಕ್ಕೆ ಕೆಂಪು ಬಲ್ಬು ನಡೆಯುತ್ತದೆ; ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಕೆಂಪು ಬೆಳಕಿಗೂ ಸ್ಪಂದಿಸುವುದರಿಂದ, ಅದನ್ನು ರೀಲಿಗೆ ಸುತ್ತಿ ಟ್ಯಾಂಕಿನ ಮುಚ್ಚಳ ಹಾಕುವವರೆಗೆ ಪೂರ್ಣ ಕತ್ತಲೆಯೇ ಬೇಕು. ಕೋಣೆಯೊಳಗೆ ಬೆಳಕು ಸೋರುತ್ತಿಲ್ಲವೆಂದು ಖಾತರಿಪಡಿಸಿಕೊಳ್ಳಲು ನನ್ನ ಬಳಿ ಇದ್ದ ಉಪಕರಣ ಕಣ್ಣೊಂದೇ.

ದೀಪ ಆರಿಸಿದ ಕೂಡಲೇ ‘ಏನೂ ಕಾಣುತ್ತಿಲ್ಲ’ ಎಂದರೆ ಅದಕ್ಕೆ ಬೆಲೆಯಿಲ್ಲ. ಬಣ್ಣ ಗುರುತಿಸುವ ಶಂಕುಕೋಶಗಳು ಸುಮಾರು 10 ನಿಮಿಷದಲ್ಲಿ ತಮ್ಮ ಮಿತಿ ಮುಟ್ಟುತ್ತವೆ. ಬೆಳಕಿನಲ್ಲಿ ವಿಭಜನೆಗೊಂಡ ರೊಡಾಪ್ಸಿನ್ ಎಂಬ ಬೆಳಕು ಹೀರುವ ವಸ್ತು ಮತ್ತೆ ಕೂಡಿಕೊಂಡು, ಮಂದ ಬೆಳಕಿಗೆ ಸ್ಪಂದಿಸುವ ದಂಡಕೋಶಗಳು ಪೂರ್ತಿ ಚುರುಕಾಗಲು 30ರಿಂದ 40 ನಿಮಿಷ ಹಿಡಿಯುತ್ತದೆ. ಹಾಗಾಗಿ ಸ್ಟೂಲಿನ ಮೇಲೆ ಸುಮ್ಮನೆ ಕುಳಿತು ಕಾಯುವುದೇ ಈ ಪರೀಕ್ಷೆಯ ಮುಖ್ಯ ಕೆಲಸ. ಅದನ್ನೂ ಹೊರಗೆ ಬಿಸಿಲು ಸುಡುತ್ತಿರುವಾಗಲೇ ಮಾಡಬೇಕು; ಆಷಾಢದ ಮೋಡ ಕವಿದ ದಿನ ನಮ್ಮೂರಿನ ಯಾವ ಕೋಣೆಯಾದರೂ ಡಾರ್ಕ್ ರೂಮಿನಂತೆಯೇ ಇರುತ್ತದೆ. ಹೀಗೆ ಕಾದ ಮೇಲೆ ಬಾಗಿಲಿನ ಕೀಲಿನ ಬಳಿ ಕೂದಲೆಳೆಯಂಥ ಬೂದುಗೆರೆ ಮೂಡುತ್ತಿತ್ತು. ನೇರ ನೋಡಿದರೆ ಮಾಯ, ತುಸು ಪಕ್ಕಕ್ಕೆ ದೃಷ್ಟಿ ಸರಿಸಿದರೆ ಹಾಜರು: ಅಕ್ಷಿಪಟಲದ ನಟ್ಟನಡುವಿನ ಗುಳಿಯಲ್ಲಿ ದಂಡಕೋಶಗಳೇ ಇಲ್ಲ.

ಕಷ್ಟವಿರುವುದು ಇಲ್ಲದ ಬೆಳಕಿನಲ್ಲಿ. ಪೂರ್ಣ ಕತ್ತಲಲ್ಲಿ ಕಣ್ಣಿಗೆ ಅಚ್ಚ ಕಪ್ಪು ಕಾಣುವುದಿಲ್ಲ. ಬೂದು ಮಬ್ಬು, ಅದರಲ್ಲಿ ಚುಕ್ಕಿಗಳು ಸುಳಿಯುತ್ತವೆ. ರೊಡಾಪ್ಸಿನ್ ಅಣುಗಳು ಬೆಳಕು ತಾಗದಿದ್ದರೂ ದೇಹದ ಶಾಖದಿಂದಲೇ ಆಗೊಮ್ಮೆ ಈಗೊಮ್ಮೆ ಬದಲಾಗಿ ಸುಳ್ಳು ಸುದ್ದಿ ಕಳಿಸುತ್ತವೆ. ಮುಖದ ಮುಂದೆ ಸ್ವಂತ ಕೈಯಾಡಿಸಿದರೆ ನೆರಳೊಂದು ಸರಿದಂತೆಯೂ ತೋರುತ್ತದೆ. 2013ರಲ್ಲಿ ಪ್ರಕಟವಾದ, ಕಣ್ಣಿಗೆ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನವೊಂದರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಂಥ ಅನುಭವವಾಗಿತ್ತು. ಕೈ ಎಲ್ಲಿದೆಯೆಂದು ಮೊದಲೇ ಬಲ್ಲ ಮಿದುಳು ಅದರ ಚಿತ್ರವನ್ನೂ ಕಟ್ಟಿಕೊಡುತ್ತದೆ.

ಹೀಗಾಗಿ ಸಂಶಯದ ಗೆರೆಯನ್ನು ಸ್ವಂತ ಅಂಗೈಯಿಂದ ಮರೆಮಾಡಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಕತ್ತು ಹೊರಳಿಸಿದಾಗ ಕಣ್ಣಿನೊಂದಿಗೇ ಚಲಿಸುವ ಮಬ್ಬನ್ನು ಮೊದಲು ಬಿಟ್ಟುಬಿಡುತ್ತಿದ್ದೆ. ಒಂಟಿ ಚುಕ್ಕಿಯ ವಿಷಯದಲ್ಲಿ ಇದು ಸಾಲದು, ಏಕೆಂದರೆ ಕತ್ತಲಲ್ಲಿ ನಿಜವಾದ ಚುಕ್ಕಿಯೂ ಅಲೆದಾಡಿದಂತೆ ಕಾಣುತ್ತದೆ. ಆಗ ಸಹಾಯಕ ಹೇಳದೆ ಕೇಳದೆ ಅದರ ಮುಂದೆ ರಟ್ಟು ಹಿಡಿದು ತೆಗೆಯುತ್ತಿದ್ದ; ಬೆಳಕು ಅಳಿದು ಮರಳಿದ ಗಳಿಗೆಗಳನ್ನು ನಾನು ಕೂಗಿ ಹೇಳುತ್ತಿದ್ದೆ. ಎರಡೂ ಹೊಂದಿದರೆ ಅಲ್ಲಿಗೆ ಕಪ್ಪು ಬಟ್ಟೆಯ ಪಟ್ಟಿ ಬೀಳುತ್ತಿತ್ತು. ಇಬ್ಬರೂ ರೇಡಿಯಂ ವಾಚುಗಳನ್ನು ಹೊರಗೇ ಬಿಚ್ಚಿಟ್ಟು ಬರಬೇಕಿತ್ತೆಂದು ಬೇರೆ ಹೇಳಬೇಕಿಲ್ಲ.