ಪಂದ್ಯಕ್ಕೆ ಮೊದಲು ಬರೆದಿಡಿ, ಆಮೇಲೆ ವಾದ ಮಾಡಿ

ಪುಣೆಯ ಕೋಥ್ರೂಡಿನಲ್ಲಿ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಬೆಳಗಾವಿಯ ಕಾಕಾ ಇದ್ದಾರೆ. ನಾನು ಧಾರವಾಡದವಳು. ಟೆನಿಸ್‌ನ ದೊಡ್ಡ ಪಂದ್ಯ ಇದ್ದ ದಿನ ನಾವು ಐದಾರು ಜನ ಕನ್ನಡದವರು ಅವರ ಮನೆಯಲ್ಲಿ ಸೇರುತ್ತೇವೆ. ಕಾಕೂ ಚಹಾಕ್ಕೆ ಇಡುತ್ತಾರೆ, ಯಾರಾದರೂ ಬಾಕರವಡಿ ತರುತ್ತಾರೆ, ಟಿವಿ ಹಚ್ಚುವ ಮೊದಲೇ ವಾದ ಶುರುವಾಗಿರುತ್ತದೆ.

"ಅವನ ಕಾಲ ಮುಗೀತ್ರೀ ವೈನಿ."

"ಯಾಕ ಮುಗೀತು ಕಾಕಾ?"

"ಹೋದ ವಾರ ಸೋತಿಲ್ಲೇನು? ಫಾರ್ಮ್ ಇಲ್ಲ ಅವನಿಗೆ."

ಇಂಥ ವಾದ ಎಷ್ಟು ಹೊತ್ತು ಮಾಡಿದರೂ ಅಲ್ಲೇ ಇರುತ್ತದೆ. ಪಂದ್ಯ ಮುಗಿದ ಮೇಲೆ ಎಲ್ಲರೂ "ನಾ ಮೊದಲ ಹೇಳಿದ್ದೆ" ಅನ್ನುತ್ತಾರೆ. ಅದಕ್ಕೇ ನಾನು ಒಂದು ನೋಟ್‌ಬುಕ್ ತಂದೆ. ಪಂದ್ಯ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ಮೂರು ಸಾಲು ಬರೆಯಬೇಕು. ಕಷ್ಟದ ಪಾಯಿಂಟ್‌ನಲ್ಲಿ ನಮ್ಮ ಆಟಗಾರ ಸರ್ವ್ ಎಲ್ಲಿ ಹಾಕುತ್ತಾನೆ? ಎದುರಾಳಿಯ ಯಾವ ಹೊಡೆತದ ಮೇಲೆ ಬೀಳುತ್ತಾನೆ? ಮೊದಲ ಸೆಟ್ ಸೋತರೆ ಏನು ಬದಲಿಸುತ್ತಾನೆ? ಯಾರು ಗೆಲ್ಲುತ್ತಾರೆ ಅನ್ನುವುದನ್ನು ಬೇಕಿದ್ದರೆ ಕೊನೆಗೆ ಬರೆಯಬಹುದು. ಈ ಮೂರು ಸಾಲು ಬರೆಯಬೇಕೆಂದರೆ ಆಟವನ್ನು ನಿಜವಾಗಿ ನೋಡಿರಬೇಕು. ನಾನು ಹೇಗೆ ನೋಡುತ್ತೇನೆ ಎಂದು ಹೇಳುತ್ತೇನೆ.

ಮೊದಲು ಎರಡನೇ ಸರ್ವ್ ನೋಡಿ

ಫಾರ್ಮ್ ಎಂದರೆ ಸೋಲು ಗೆಲುವಿನ ಪಟ್ಟಿ ಅಲ್ಲ. ಒಬ್ಬ ಆಟಗಾರ ಮೂರು ಪಂದ್ಯ ಸೋತಿರಬಹುದು, ಮೂರೂ ಸೆಟ್ 6-6 ಸಮವಾದ ಮೇಲೆ ಆಡುವ ಟೈಬ್ರೇಕ್‌ನಲ್ಲಿ ಹೋಗಿರಬಹುದು. ಇನ್ನೊಬ್ಬ ಮೂರು ಗೆದ್ದಿರಬಹುದು, ಆದರೆ ಎದುರಿಗೆ ಇದ್ದವರು ಕಾಲುನೋವಿನವರು. ಪಟ್ಟಿಯಲ್ಲಿ ಇದೊಂದೂ ಕಾಣುವುದಿಲ್ಲ.

ನಾನು ಮೊದಲು ಕಣ್ಣು ಇಡುವುದು ಎರಡನೇ ಸರ್ವ್ ಮೇಲೆ. ದೊಡ್ಡ ಆಟಗಾರರ ಮೊದಲ ಸರ್ವ್ ಸಾಮಾನ್ಯವಾಗಿ ನೂರಕ್ಕೆ 60ರಿಂದ 65 ಸಲ ಒಳಗೆ ಬೀಳುತ್ತದೆ. ಉಳಿದ ಸಲ ಎರಡನೆಯದೇ ಗತಿ. ಮೊದಲ ಸರ್ವ್‌ನಲ್ಲಿ ತಪ್ಪಿದರೆ ಇನ್ನೊಂದು ಅವಕಾಶ ಇದೆ, ಹಾಗಾಗಿ ಕೈ ಧೈರ್ಯವಾಗಿ ಬೀಸುತ್ತದೆ. ಎರಡನೆಯದರಲ್ಲಿ ಒಳಗಿನ ಹೆದರಿಕೆ ಎಲ್ಲ ಕೈಗೆ ಬರುತ್ತದೆ. ಚೆಂಡು ಸರ್ವೀಸ್ ಗೆರೆಯ ಹತ್ತಿರ, ಆಳವಾಗಿ ಬೀಳುತ್ತಿದ್ದರೆ ಆಟಗಾರ ಚೆನ್ನಾಗಿದ್ದಾನೆ. ಚೌಕದ ನಡುವೆ ಗಿಡ್ಡಕ್ಕೆ ಬಿದ್ದು ಎದುರಾಳಿ ಒಳಗೆ ಕಾಲಿಟ್ಟು ಹೊಡೆಯುತ್ತಿದ್ದರೆ, ಅವನು ಗೆಲ್ಲುತ್ತಿದ್ದರೂ ನಾನು ಎಚ್ಚರವಾಗುತ್ತೇನೆ.

ಇಲ್ಲಿ ಬೆಲಾರೂಸ್‌ನ ಆಟಗಾರ್ತಿ ಅರೀನಾ ಸಬಲೆಂಕಾ ನೆನಪಾಗುತ್ತಾಳೆ. 2017ರಲ್ಲಿ, 19ರ ವಯಸ್ಸಿನಲ್ಲಿ, ನಮ್ಮ ಪಕ್ಕದ ಮುಂಬೈಯಲ್ಲೇ ಟೂರ್ನಿ ಗೆದ್ದು ಹೋದವಳು. 2022ರ ಶುರುವಿನಲ್ಲಿ ಅವಳ ಸರ್ವ್ ಪೂರ್ತಿ ಕೆಟ್ಟಿತು. ಅಡಿಲೇಡ್‌ನಲ್ಲಿ ಕೈ ಕೆಳಗಿನಿಂದ ಸರ್ವ್ ಹಾಕುವ ಸ್ಥಿತಿ ಬಂತು. ಆ ವರ್ಷ ಅವಳ ಡಬಲ್ ಫಾಲ್ಟ್‌ಗಳು, ಅಂದರೆ ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಂಡದ್ದು, 400 ದಾಟಿದವು. ನಮ್ಮ ಹಾಲ್‌ನಲ್ಲಿ ಎಲ್ಲರದೂ ಒಂದೇ ಮಾತು, "ಮನಸ್ಸು ಗಟ್ಟಿ ಇಲ್ಲ." ನಾನೂ ಹಾಗೇ ಅಂದಿದ್ದೆ. ಆದರೆ ಅವಳು ದೇಹದ ಚಲನೆ ಬಲ್ಲ ಒಬ್ಬ ತಜ್ಞನ ಹತ್ತಿರ ಹೋಗಿ ಸರ್ವ್‌ನ ಚಲನೆಯನ್ನೇ ತಿದ್ದಿಕೊಂಡಳು. 2023ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಳು. ಅಲ್ಲಿಂದ ಮುಂದೆ ನಾನು ಯಾರ ಬಗ್ಗೆಯೂ ಸುಮ್ನೆ "ಮನಸ್ಸು" ಅನ್ನುವುದಿಲ್ಲ. ಮೊದಲು ಟಾಸ್, ಅಂದರೆ ಸರ್ವ್‌ಗೆ ಚೆಂಡು ಮೇಲೆ ಎಸೆಯುವುದನ್ನು, ನೋಡುತ್ತೇನೆ. ಚೆಂಡು ಪ್ರತಿ ಸಲ ಒಂದೇ ಜಾಗಕ್ಕೆ ಏರುತ್ತಿದೆಯಾ? ಮೊಣಕಾಲು ಬಾಗುತ್ತಿದೆಯಾ? ಇದನ್ನು ನೋಡಲು ಯಾವ ತಜ್ಞನೂ ಬೇಕಿಲ್ಲ, ಹತ್ತು ಸರ್ವ್ ಗಮನ ಇಟ್ಟು ನೋಡಿದರೆ ಸಾಕು.

ಸರ್ವ್ ಎಲ್ಲಿ ಬಿತ್ತು ಎಂದು ಬರೆದುಕೊಳ್ಳುವ ನನ್ನ ಪದ್ಧತಿ ಸಲೀಸು. ಚೌಕಳಿ ಗೆರೆಯ ಹಾಳೆ, ಒಂದು ಪಾಯಿಂಟ್‌ಗೆ ಒಂದು ಮನೆ. ಹೊರಗಡೆ ಅಂಚಿಗೆ ಹಾಕಿದರೆ "ಹೊ", ನಡುಗೆರೆಗೆ ಹಾಕಿದರೆ "ಟಿ", ಎದುರಿನವನ ಮೈಮೇಲೆ ಬಿಟ್ಟರೆ "ಮೈ". ಪಾಯಿಂಟ್ ಗೆದ್ದರೆ ಅಕ್ಷರದ ಸುತ್ತ ಸೊನ್ನೆ. ಒಂದು ಸೆಟ್ ಮುಗಿಯುವ ಹೊತ್ತಿಗೆ ಹಾಳೆ ತಾನೇ ಮಾತಾಡುತ್ತದೆ. 15-0 ಇದ್ದಾಗ ಮೂರೂ ಕಡೆ ಹಾಕುವವನು 30-40 ಆದಾಗ ಒಂದೇ ಕಡೆ ಹಾಕುತ್ತಾನೆ ಎಂದು ಗೊತ್ತಾದಾಗ ಆಗುವ ಖುಷಿಯೇ ಬೇರೆ. ಮುಂದಿನ ಪಂದ್ಯದ ಮೊದಲ ಸಾಲು ಸಿಕ್ಕ ಹಾಗೆ.

ಎಡಗೈಯವರಿದ್ದರೆ ಲೆಕ್ಕ ಬೇರೆ

ಇದನ್ನು ತಿಳಿದುಕೊಂಡರೆ ಅರ್ಧ ವಾದ ನಿಮ್ಮದೇ. ಬ್ರೇಕ್ ಪಾಯಿಂಟ್, ಅಂದರೆ ಸರ್ವ್ ಮಾಡುವವನು ಸೋತರೆ ಆ ಗೇಮನ್ನೇ ಕಳೆದುಕೊಳ್ಳುವ ಪಾಯಿಂಟ್, ಜಾಸ್ತಿ ಯಾವ ಕಡೆ ಬರುತ್ತದೆ ಎಂದು ಎಣಿಸಿ ನೋಡಿ. 30-40, 0-40, ಡ್ಯೂಸ್ (40-40) ಆದ ಮೇಲೆ ಎದುರಾಳಿಗೆ ಬಂದ ಅಡ್ವಾಂಟೇಜ್, ಎಲ್ಲವೂ ಆ್ಯಡ್ ಕೋರ್ಟ್‌ನಲ್ಲಿ, ಅಂದರೆ ಸರ್ವ್ ಮಾಡುವವನ ಎಡಗಡೆ. 15-40 ಒಂದೇ ಬಲಗಡೆ ಹೋಗುತ್ತದೆ. ಎಡಗೈ ಆಟಗಾರನ ಅತಿ ಒಳ್ಳೆಯ ಸರ್ವ್, ತಿರುಗುತ್ತಾ ಹೊರಗೆ ಓಡುವ ಸರ್ವ್, ಬೀಳುವುದು ಇದೇ ಆ್ಯಡ್ ಕೋರ್ಟ್‌ನಲ್ಲಿ. ಬಲಗೈಯವನು ಬ್ಯಾಕ್‌ಹ್ಯಾಂಡ್ ಚಾಚಿ ಅಂಕಣದ ಹೊರಗೆ ಹೋಗಬೇಕು, ಅಷ್ಟರಲ್ಲಿ ಇತ್ತ ಇಡೀ ಅಂಕಣ ಖಾಲಿ. ಹಾಗಾಗಿ ಎಡಗೈಯವರು ಬ್ರೇಕ್ ಪಾಯಿಂಟ್ ಉಳಿಸಿಕೊಂಡರೆ "ಎಂಥಾ ಧೈರ್ಯ" ಎಂದು ಹೊಗಳುವ ಮುಂಚೆ ಯಾವ ಕಡೆಯಿಂದ ಸರ್ವ್ ಮಾಡಿದರು ಎಂದು ನೋಡಿ.

ನಡಾಲ್ ಮತ್ತು ಫೆಡರರ್ ಪಂದ್ಯಗಳಲ್ಲಿ ಎಷ್ಟೋ ವರ್ಷ ಇದೇ ಕಥೆ. ನಡಾಲ್‌ನ ಎಡಗೈ ಫೋರ್‌ಹ್ಯಾಂಡ್ ಬಲವಾಗಿ ಸುತ್ತಿ ಬಂದು ಫೆಡರರ್‌ನ ಒಂಟಿಗೈ ಬ್ಯಾಕ್‌ಹ್ಯಾಂಡ್‌ನ ಭುಜದೆತ್ತರಕ್ಕೆ ಏಳುತ್ತಿತ್ತು. 2007ರ ವಿಂಬಲ್ಡನ್ ನಂತರ ಗ್ರ್ಯಾಂಡ್‌ಸ್ಲಾಮ್‌ನಲ್ಲಿ ಫೆಡರರ್ ಅವನನ್ನು ಸೋಲಿಸಿಯೇ ಇರಲಿಲ್ಲ. 2017ರ ಆಸ್ಟ್ರೇಲಿಯನ್ ಓಪನ್ ಫೈನಲ್ ದಿನ ಕಾಕಾ ಹಳೇ ಪಟ್ಟಿ ಹಿಡಿದುಕೊಂಡು ನಡಾಲ್ ಎಂದು ಬರೆದರು. ಪಟ್ಟಿ ನೋಡಿದರೆ ಅದೇ ಸರಿ. ಆದರೆ ಆ ಮಧ್ಯಾಹ್ನ ಫೆಡರರ್ ಹಿಂದೆ ಸರಿಯಲೇ ಇಲ್ಲ. ಅಂಕಣದ ಹಿಂದಿನ ಗೆರೆ, ಬೇಸ್‌ಲೈನ್ ಹತ್ತಿರವೇ ನಿಂತು, ಚೆಂಡು ಭುಜಕ್ಕೆ ಏರುವ ಮುಂಚೆಯೇ ಬ್ಯಾಕ್‌ಹ್ಯಾಂಡ್‌ನಿಂದ ಚಪ್ಪಟೆಯಾಗಿ ಬಾರಿಸಿದ. ಐದನೇ ಸೆಟ್‌ನಲ್ಲಿ 1-3 ಹಿಂದಿದ್ದವನು 6-3ರಿಂದ ಮುಗಿಸಿದ. ಆ ವಸಂತದಲ್ಲಿ ಇಂಡಿಯನ್ ವೆಲ್ಸ್, ಮಯಾಮಿ ಎರಡರಲ್ಲೂ ಮತ್ತೆ ಗೆದ್ದ.

ಹಳೇ ಮುಖಾಮುಖಿಗಳ ಲೆಕ್ಕ ನೋಡಬಾರದು ಅಂತಲ್ಲ. ನೋಡಿ, ಆದರೆ ಮಣ್ಣು, ಹುಲ್ಲು, ಗಟ್ಟಿ ಅಂಕಣ ಬೇರೆ ಬೇರೆ ಮಾಡಿ ನೋಡಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಆ ಪಂದ್ಯಗಳಲ್ಲಿ ತನ್ನನ್ನು ಸೋಲಿಸಿದ ಹೊಡೆತಕ್ಕೆ ಇವನು ಈಗ ಉತ್ತರ ಕಂಡುಕೊಂಡಿದ್ದಾನಾ?

ಎಲ್ಲಿ ನಿಲ್ಲುತ್ತಾನೆ ನೋಡಿ

ಟಿವಿಯಲ್ಲಿ ನಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಅದನ್ನು ಬಿಡಿಸಿಕೊಳ್ಳಬೇಕು. ರಿಟರ್ನ್ ಮಾಡುವವನ ಕಾಲು ನೋಡುವುದನ್ನು ನಾನು ಕಲಿತದ್ದು ಪುಣೆಯಲ್ಲೇ, ನಮ್ಮ ಬಾಲೇವಾಡಿಯ ಟೆನಿಸ್ ಅಂಗಳದಲ್ಲಿ. 2019ರ ಜನವರಿ, ಕೆವಿನ್ ಆ್ಯಂಡರ್ಸನ್ ಮತ್ತು ಇವೊ ಕಾರ್ಲೊವಿಚ್ ಫೈನಲ್. ಒಬ್ಬ 203 ಸೆಂಟಿಮೀಟರ್, ಇನ್ನೊಬ್ಬ 211. ಕಾರ್ಲೊವಿಚ್‌ಗೆ ಆಗ 40ಕ್ಕೆ ಎರಡು ತಿಂಗಳಷ್ಟೇ ಕಡಿಮೆ. ಮೂರೂ ಸೆಟ್ ಟೈಬ್ರೇಕ್, ಕೊನೆಯದು 7-5. ನನಗೆ ಸಿಕ್ಕಿದ್ದು ಬೇಸ್‌ಲೈನ್ ಹಿಂದಿನ ಸೀಟು. ಮೊದಲ ಹತ್ತು ನಿಮಿಷ ಚೆಂಡೇ ಕಾಣಲಿಲ್ಲ, ಠಪ್ ಎಂಬ ಸದ್ದು, ಹಿಂದಿನ ಪರದೆಗೆ ಚೆಂಡು ಬಡಿದ ಸದ್ದು, ಪಾಯಿಂಟ್ ಮುಗಿಯಿತು. ಆಗ ಚೆಂಡು ಬಿಟ್ಟು ಎದುರಿನವನ ಷೂ ನೋಡುತ್ತಾ ಕುಳಿತೆ. ಎಷ್ಟು ಹಿಂದೆ ನಿಂತಿದ್ದಾನೆ, ಟಾಸ್ ಏರಿದಾಗ ಯಾವ ಕಡೆ ವಾಲುತ್ತಾನೆ, ಊಹೆ ತಪ್ಪಿದಾಗ ಹೇಗೆ ಅಲ್ಲೇ ನಿಂತುಬಿಡುತ್ತಾನೆ. ಪಂದ್ಯ ನನಗೆ ತಿಳಿಯತೊಡಗಿದ್ದು ಆಗ. ಅಂಗಳಕ್ಕೆ ಹೋಗುವುದಾದರೆ ಪಕ್ಕದ ಸೀಟಿಗಿಂತ ಹಿಂದಿನ ಸೀಟು ತೆಗೆದುಕೊಳ್ಳಿ. ಕೋನ ಕಾಣುವುದು ಅಲ್ಲಿಂದಲೇ.

ನಿಲ್ಲುವ ಜಾಗವೇ ಒಂದು ಪಂದ್ಯ ಹೇಗೆ ತಿರುಗಿಸುತ್ತದೆ ಎಂಬುದಕ್ಕೆ 2023ರ ಯುಎಸ್ ಓಪನ್ ಸಾಕು. ಮೆಡ್ವೆಡೆವ್ ರಿಟರ್ನ್‌ಗೆ ತುಂಬಾ ಹಿಂದೆ ನಿಲ್ಲುವವನು. ಹಾಗೆ ನಿಂತೇ ಸೆಮಿಫೈನಲ್‌ನಲ್ಲಿ ಅಲ್ಕರಾಜ್‌ನನ್ನು ಸೋಲಿಸಿದ. ಫೈನಲ್‌ನಲ್ಲಿ ಜೊಕೊವಿಚ್ ಅದೇ ಜಾಗವನ್ನು ಬಳಸಿಕೊಂಡ. ಸರ್ವ್ ಹಾಕಿ ಸೀದಾ ನೆಟ್‌ಗೆ ಬಂದ. ಹಾಗೆ ಆಡಿದ 22 ಪಾಯಿಂಟ್‌ಗಳಲ್ಲಿ 20 ಗೆದ್ದ. ಜೊಕೊವಿಚ್ ಎಂದರೆ ಬೇಸ್‌ಲೈನ್ ಆಟಗಾರ ಎಂದು ನಾವೆಲ್ಲ ಹೇಳುತ್ತಿದ್ದೆವು. ಆಟಗಾರನ ಅಭ್ಯಾಸ ಒಂದು, ಆ ದಿನದ ಅಗತ್ಯ ಇನ್ನೊಂದು.

ಊರು ಮತ್ತು ಹವೆ ಕೂಡ ಸ್ವಲ್ಪ ಗಮನದಲ್ಲಿರಲಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಗಾಳಿ ತೆಳುವಾದಷ್ಟೂ ಚೆಂಡು ಓಡುತ್ತದೆ, ಸರ್ವ್ ಮಾಡುವವನಿಗೆ ಲಾಭ. ರಾತ್ರಿ ತಂಪಾದರೆ ಚೆಂಡು ನಿಧಾನ, ಪುಟಿತವೂ ಕಡಿಮೆ. ನಡಾಲ್‌ನಂಥ ಸ್ಪಿನ್ ಆಟಗಾರರಿಗೆ ಮಧ್ಯಾಹ್ನದ ಬಿಸಿಲೇ ಇಷ್ಟ.

ಅಂಕಿಗಳನ್ನು ಹೇಗೆ ಓದುವುದು

ಪಂದ್ಯದ ನಡುವೆ ಟಿವಿಯಲ್ಲಿ ಅಂಕಿಗಳು ಬರುತ್ತವೆ. ಕಾಕಾ ಕೂಡಲೇ ಅದನ್ನೇ ಓದುತ್ತಾರೆ. "ಅನ್‌ಫೋರ್ಸ್ಡ್ ಎರರ್ 30 ನೋಡ್ರಿ!" ಎದುರಾಳಿಯ ಒತ್ತಡ ಇಲ್ಲದೆ ಆಟಗಾರ ತಾನೇ ಮಾಡಿದ ತಪ್ಪು ಎಂದು ಅದರ ಅರ್ಥ, ಆದರೆ ಅದು ಒಬ್ಬರು ಕೂತು ತಮ್ಮ ಅಂದಾಜಿನಲ್ಲಿ ಬರೆಯುವ ಲೆಕ್ಕ. ಎದುರಿನವನು ಐದು ಹೊಡೆತ ಆಳಕ್ಕೆ ಹಾಕಿ ದಣಿಸಿದ ಮೇಲೆ ಆರನೆಯದು ನೆಟ್‌ಗೆ ಬಿದ್ದರೆ ತಪ್ಪು ಯಾರದು?

ಒಟ್ಟು ಪಾಯಿಂಟ್ ಕೂಡ ಮೋಸ ಮಾಡುತ್ತದೆ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ 218 ಪಾಯಿಂಟ್ ಗೆದ್ದ, ಜೊಕೊವಿಚ್ 204. ಕಪ್ ಜೊಕೊವಿಚ್‌ಗೆ. ಮೂರು ಟೈಬ್ರೇಕ್‌ಗಳನ್ನೂ ಅವನೇ ಗೆದ್ದಿದ್ದ. ಹಾಗಾಗಿ ಎಷ್ಟು ಪಾಯಿಂಟ್ ಎಂದು ಕೇಳುವುದಕ್ಕಿಂತ ಯಾವ ಪಾಯಿಂಟ್ ಎಂದು ಕೇಳಿ.

ವಯಸ್ಸಿನ ಮಾತು ಬಂದರೆ

"ವಯಸ್ಸಾತು, ಇನ್ನ ಬಿಡಬೇಕು" ಎಂಬ ಮಾತು ಬಂದಾಗ ನಾನು ನಮ್ಮ ಕೊಡಗಿನ ರೋಹನ್ ಬೋಪಣ್ಣನ ಹೆಸರು ತೆಗೆಯುತ್ತೇನೆ. 2022ರಲ್ಲಿ ಇಲ್ಲೇ ಬಾಲೇವಾಡಿಯಲ್ಲಿ ರಾಮ್‌ಕುಮಾರ್ ರಾಮನಾಥನ್ ಜೊತೆ ಡಬಲ್ಸ್ ಗೆದ್ದ. 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ವಯಸ್ಸು 43. ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒಂದು ಕೂಡ ಆದ. ಮೊಣಕಾಲು ಸವೆದು ಹೋಗಿತ್ತು, ಅಯ್ಯಂಗಾರ್ ಯೋಗ ಕಾಪಾಡಿತು ಎಂದು ಅವನೇ ಹೇಳಿದ್ದಾನೆ. ಆ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಬಾಳಿದ್ದು ನಮ್ಮ ಪುಣೆಯಲ್ಲಿ. ಇದನ್ನು ಹೇಳುವಾಗ ನನಗೆ ಎದೆ ಉಬ್ಬುತ್ತದೆ.

ಆದರೆ ವಾದಕ್ಕೆ ಹೆಮ್ಮೆಯೊಂದೇ ಸಾಲದು, ಕಾರಣವೂ ಬೇಕು. ಡಬಲ್ಸ್‌ನಲ್ಲಿ ಓಡಾಟ ಅರ್ಧ. ಬೋಪಣ್ಣನ ಸರ್ವ್ ಭಾರವಾಗಿತ್ತು, ರಿಟರ್ನ್ ಮೆತ್ತಗೆ ಬಂದರೆ ನೆಟ್‌ನಲ್ಲಿದ್ದ ಜೊತೆಗಾರ ಮುಗಿಸುತ್ತಿದ್ದ. ವಯಸ್ಸು ಮೊದಲು ಕಸಿಯುವುದು ಕಾಲನ್ನು, ಸರ್ವ್ ಅನ್ನು ಅಲ್ಲ. ಹಾಗಾಗಿ ವಯಸ್ಸಾದ ಆಟಗಾರನ ಬಗ್ಗೆ ಬರೆಯುವಾಗ ನಾನು ನೋಡುವುದು ಒಂದನ್ನೇ: ಅಂಚಿಗೆ ಓಡಿ ಹೊಡೆದ ಮೇಲೆ ನಡುವಿಗೆ ವಾಪಸ್ ಬರಲು ಎಷ್ಟು ಹೆಜ್ಜೆ ಬೇಕಾಯಿತು.

ಹಳೇ ಹಾಳೆ ತೆಗೆಯಿರಿ

ಬರೆದ ಹಾಳೆ ಎಸೆಯಬೇಡಿ. 2025ರ ಜೂನ್ 8, ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಫೈನಲ್, ಸಿನ್ನರ್ ಮತ್ತು ಅಲ್ಕರಾಜ್. ನಮ್ಮಲ್ಲಿ ಸಂಜೆ ಶುರುವಾದದ್ದು ಮಧ್ಯರಾತ್ರಿಯವರೆಗೆ, 5 ಗಂಟೆ 29 ನಿಮಿಷ. ಸಿನ್ನರ್ ಸೆಟ್ 2-1ರಿಂದ ಮುಂದೆ, ನಾಲ್ಕನೇ ಸೆಟ್‌ನಲ್ಲಿ 5-3, ಅಲ್ಕರಾಜ್ ಸರ್ವ್‌ನಲ್ಲಿ 0-40. ಕಾಕಾ ಎದ್ದು ನಿಂತು ಚಪ್ಪಲಿ ಹುಡುಕಿದರು, ಕಾಕೂನ ಕರೆದು ಗೇಟ್ ಬೀಗ ಹಾಕಿ ಬರುತ್ತೇನೆ ಅಂದರು. ಅಲ್ಕರಾಜ್ ಮೂರೂ ಉಳಿಸಿಕೊಂಡು, ಕೊನೆಗೆ ಐದನೇ ಸೆಟ್‌ನ ಟೈಬ್ರೇಕ್ 10-2ರಿಂದ ಗೆದ್ದ. ಕಾಕಾ ಕೊನೆಯವರೆಗೂ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು.

ಮಾರನೇ ದಿನ ಎಲ್ಲರೂ ಹೇಳಿದ್ದು, ಸಿನ್ನರ್ ಇನ್ನು ಚೇತರಿಸಿಕೊಳ್ಳುವುದಿಲ್ಲ. ನಾನು ಹಾಳೆ ತೆಗೆದು ನೋಡಿದೆ. ನಾಲ್ಕು ಸೆಟ್ ಅವನ ಆಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಐದು ವಾರ ಬಿಟ್ಟು ವಿಂಬಲ್ಡನ್ ಫೈನಲ್‌ಗೆ ಅದೇ ಇಬ್ಬರು ಬಂದಾಗ ನಾನು ಸಿನ್ನರ್ ಎಂದು ಬರೆದೆ, ಮೊದಲ ಸೆಟ್ ಸೋತ, ಮುಂದಿನ ಮೂರನ್ನೂ 6-4, 6-4, 6-4 ಗೆದ್ದ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅಲ್ಕರಾಜ್ ನಾಲ್ಕು ಸೆಟ್‌ನಲ್ಲಿ ಗೆದ್ದಾಗ ನನ್ನ ಸಾಲು ತಪ್ಪಿತು. ತನ್ನ ಆಟ ಎದುರಾಳಿಗೆ ಮೊದಲೇ ಗೊತ್ತಾಗುವಂತಿದೆ ಎಂದು ಸಿನ್ನರ್ ತಾನೇ ಒಪ್ಪಿಕೊಂಡ. ಅದನ್ನೂ ಅದೇ ಹಾಳೆಯ ಕೆಳಗೆ ಕೆಂಪು ಪೆನ್ನಲ್ಲಿ ಬರೆದಿದ್ದೇನೆ. ಈಗ ಅವರಿಬ್ಬರ ಪಂದ್ಯ ಬಂದಾಗಲೆಲ್ಲ ಕಾಕಾ ಚಹಾಕ್ಕೂ ಮುಂಚೆ ಕೇಳುವುದು ಒಂದೇ. "ವೈನಿ, ಆ ಕೆಂಪು ಪೆನ್ನಿಂದು ಹಾಳಿ ತಂದೀರೇನು?"