ಚಳಿಗಾಲಕ್ಕೆ ಅಪ್ಪ-ಅಮ್ಮ ಇಂಗ್ಲೆಂಡಿಗೆ ಬಂದಿದ್ದರೆ, ಅವರ ಫಾರ್ವರ್ಡ್‌ಗಳನ್ನು ಓದಿ

ಇಂಗ್ಲೆಂಡಿಗೆ ಹೊಸದಾಗಿ ಬಂದು ಮನೆ ಹಿಡಿದು, ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರು ಬಟ್ಟೆಯ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಥರ್ಮಲ್, ಮಂಕಿಕ್ಯಾಪು, ಉಣ್ಣೆ ಸಾಕ್ಸು ಎಲ್ಲ ತಯಾರಾಗುತ್ತದೆ. ಚಳಿಯನ್ನು ಹಿರಿಯರು ಹೇಗೋ ತಡೆದುಕೊಳ್ಳುತ್ತಾರೆ, ಅವರನ್ನು ಹೈರಾಣು ಮಾಡುವುದು ಕತ್ತಲೆ.

ಡಿಸೆಂಬರ್ ಕೊನೆಯಲ್ಲಿ ಲೀಡ್ಸ್‌ನಲ್ಲಿ ಸೂರ್ಯ ಹುಟ್ಟುವಾಗ ಎಂಟೂಕಾಲು ದಾಟಿರುತ್ತದೆ, ನಾಲ್ಕಕ್ಕೆ ಮೊದಲೇ ಮುಳುಗಿರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ ಹಗಲು 11 ಗಂಟೆಗೂ ಹೆಚ್ಚು. ಪರಿಚಯದ ಹಾಸನದ ಅಜ್ಜಿಯೊಬ್ಬರು ಬಂದ ಹೊಸತರಲ್ಲಿ ಮಗನನ್ನು ಕೇಳಿದರು: "ಮೂರೂಮುಕ್ಕಾಲಿಗೇ ಕತ್ತಲಾದ್ರೆ ದೇವರ ದೀಪ ಯಾವಾಗ ಹಚ್ಲಿ ಮಗ?" ಮಗ ನಕ್ಕು ಸುಮ್ಮನಾದ. ಕೆಲವೇ ವಾರಗಳಲ್ಲಿ ಅಜ್ಜಿಯ ಬೆಳಗಿನ ಸ್ನಾನ ಮಧ್ಯಾಹ್ನಕ್ಕೆ ಹೋಯಿತು. ಊಟ ಸೇರದು ಅಂದರು, ಮಂಡಿ ನೋವು ಅಂದರು. ಬೇಜಾರು ಅಂತ ಮಾತ್ರ ಒಂದು ದಿನವೂ ಅನ್ನಲಿಲ್ಲ. ಬದಲಿಗೆ ಮಗನ ವಾಟ್ಸಾಪಿಗೆ ಚಳಿಗಾಲದ ಮಂಕು ಕಳೆಯುವ ಮನೆಮದ್ದಿನ ವಿಡಿಯೊ ಬಂತು, ಮಾರನೇ ದಿನ ಅಂಥದ್ದೇ ಇನ್ನೊಂದು.

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ: ಆ ವಿಡಿಯೊ ನೋಡದೆ ಅಳಿಸಬೇಡಿ. ಅದು ನಿಜವೋ ಸುಳ್ಳೋ ಆಮೇಲೆ ನೋಡೋಣ, ನಿಮಗೇ ಯಾಕೆ ಕಳಿಸಿದರು ಅನ್ನುವುದನ್ನು ಮೊದಲು ಯೋಚಿಸಿ. ನಮ್ಮ ಹಿರಿಯರಲ್ಲಿ ಬಹಳ ಜನ "ಮನಸ್ಸು ಸರಿಯಿಲ್ಲ" ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಮೈಕೈ ನೋವು, ನಿದ್ದೆ ಬರಲ್ಲ, ಮರೆವು ಜಾಸ್ತಿಯಾಗಿದೆ, ಬಾಯಿ ರುಚಿಯಿಲ್ಲ ಅನ್ನುತ್ತಾರೆ. ಇಲ್ಲವೇ ಫಾರ್ವರ್ಡ್ ಮಾಡುತ್ತಾರೆ. ಪಕ್ಕದಲ್ಲಿ ಕೂತು ಪೂರ್ತಿ ನೋಡಿ, "ಇದ್ರಲ್ಲಿ ಹೇಳಿರೋ ಥರ ನಿಮಗೂ ಆಗ್ತಿದ್ಯಾ ಅಮ್ಮ?" ಅಂತ ಕೇಳಿ. "ಅಯ್ಯೋ, ಎಲ್ಲ ಫೇಕು" ಅಂತ ತಳ್ಳಿಹಾಕಿದರೆ ಅವರು ಕಳಿಸುವುದನ್ನು ನಿಲ್ಲಿಸುತ್ತಾರೆ, ಅದರಲ್ಲಿ ಹೇಳಿದ್ದನ್ನು ಗುಟ್ಟಾಗಿ ತಿನ್ನಲು ಶುರುಮಾಡುತ್ತಾರೆ. ನನಗೆ ಭಯವಿರುವುದು ಈ ಗುಟ್ಟಿನದ್ದೇ.

ಉದಾಹರಣೆಗೆ ವಿಟಮಿನ್ ಡಿ. ಊರಿನಿಂದ ಬರುವ ಸೂಟ್‌ಕೇಸಿನಲ್ಲಿ 60,000 ಯೂನಿಟ್ಟಿನ ಸ್ಯಾಚೆಟ್ಟು ಇದ್ದೇ ಇರುತ್ತದೆ. ಅದು ಸಾಮಾನ್ಯವಾಗಿ ಡಾಕ್ಟರು ವಾರಕ್ಕೊಂದರಂತೆ, ಇಷ್ಟೇ ವಾರ ಅಂತ ಬರೆದುಕೊಡುವ ಔಷಧ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಚಳಿಗಾಲಕ್ಕೆ ಹೇಳುವುದು ದಿನಕ್ಕೆ 400 ಯೂನಿಟ್, ಅಂದರೆ 10 ಮೈಕ್ರೋಗ್ರಾಂ. ದಿನಕ್ಕೆ 4,000 ಯೂನಿಟ್ ಮೀರಬೇಡಿ ಅನ್ನುತ್ತದೆ. ಲೆಕ್ಕ ಹಾಕಿ: ಒಂದು ಸ್ಯಾಚೆಟ್ಟಿನಲ್ಲಿ 150 ದಿನಕ್ಕೆ ಆಗುವಷ್ಟಿದೆ. "ಬಿಸಿಲಿಲ್ಲದ ದೇಶದಲ್ಲಿ ದಿನಾ ತಗೊಳ್ಳಿ" ಎಂಬ ವಿಡಿಯೊ ನಂಬಿ ಅದನ್ನು ದಿನವೂ ಹಾಲಿಗೆ ಹಾಕಿ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮಲಬದ್ಧತೆ, ವಿಪರೀತ ಬಾಯಾರಿಕೆ, ಗಲಿಬಿಲಿ ಶುರುವಾಗಿ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಆ ಗಲಿಬಿಲಿಯನ್ನು ಮನೆಯವರು ವಯಸ್ಸಿನ ಅರಳುಮರಳು ಅಂದುಕೊಳ್ಳುವ ಅಪಾಯವೂ ಇದೆ.

ಈ ವಿಡಿಯೊಗಳಲ್ಲಿ ಬಿಸಿಲು ಮತ್ತು ಬೆಳಕು ಕಲಸುಮೇಲೋಗರ ಆಗಿರುತ್ತವೆ. ವಿಟಮಿನ್ ಡಿ ಹುಟ್ಟುವುದು ಚರ್ಮದಲ್ಲಿ. ಅಕ್ಟೋಬರಿನಿಂದ ಮಾರ್ಚ್ ಮೊದಲವರೆಗೆ ಇಲ್ಲಿನ ಬಿಸಿಲಿಗೆ ಅದನ್ನು ಹುಟ್ಟಿಸುವ ಕಸುವಿಲ್ಲ, ಕಿಟಕಿ ಗಾಜಿನ ಹಿಂದೆ ಕೂತರಂತೂ ಯಾವ ಕಾಲದಲ್ಲೂ ಪ್ರಯೋಜನವಿಲ್ಲ. ನಿದ್ದೆ-ಎಚ್ಚರದ ಗಡಿಯಾರ, ಮನಸ್ಸಿನ ಹುರುಪು ಇವಕ್ಕೆ ಬೇಕಾದ ಬೆಳಕು ಹೋಗುವುದು ಕಣ್ಣಿನ ಮೂಲಕ. ಹಾಗಾಗಿ ಮೋಡ ಮುಸುಕಿದ್ದರೂ ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ ಹೊರಗೆ ಒಂದು ಸುತ್ತು ಹಾಕಿಸಿ. ಹೊರಗಿನ ಮಬ್ಬು ಬೆಳಕೂ ನಮ್ಮ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೀಟಿಂಗ್ ಬಿಲ್ಲಿಗೆ ಹೆದರಿ ಹಗಲಲ್ಲೂ ಕರ್ಟನ್ ಎಳೆದಿಡುವ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಚಳಿಗಾಲ ಬಂದಾಗಲೆಲ್ಲ ಕವಿಯುವ ಈ ಮಂಕನ್ನು, ಅಂದರೆ ಋತುಮಾನದ ಖಿನ್ನತೆಯನ್ನು, ವಿವರಿಸಿ ಬರೆದಾಗಲೇ ಬೆಳಕಿನ ಚಿಕಿತ್ಸೆಯ ಮಾತೂ ಬಂದಿತ್ತು. ಈಗ ಆನ್‌ಲೈನಿನಲ್ಲಿ ಲೈಟ್‌ಬಾಕ್ಸ್ (ಪ್ರಖರ ಬೆಳಕಿನ ಪೆಟ್ಟಿಗೆ) ಜಾಹೀರಾತುಗಳಿಗೆ ಲೆಕ್ಕವಿಲ್ಲ. 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಇರುವ, ನೇರಳಾತೀತ ಕಿರಣ ಸೋಸಿದ ಪೆಟ್ಟಿಗೆಯ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರುವುದು ರೂಢಿ. ಕೆಲವರಿಗೆ ಹಿತವಾಗುತ್ತದೆ, ಆದರೆ ಪುರಾವೆ ಖಚಿತವಿಲ್ಲ ಅಂತ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಇಲ್ಲಿನ ನೈಸ್ ಸಂಸ್ಥೆಯೇ ಹೇಳುತ್ತದೆ. ಶುಗರಿನಿಂದ ಅಕ್ಷಿಪಟಲ ಕೆಟ್ಟವರು, ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾದ ತೊಂದರೆ ಇರುವವರು, ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಅದರ ಮುಂದೆ ಕೂರಬಾರದು. ಜಾಹೀರಾತು ಇದನ್ನು ದೊಡ್ಡಕ್ಷರದಲ್ಲಿ ಹಾಕುವುದಿಲ್ಲ.

ಇನ್ನು ಗಿಡಮೂಲಿಕೆ. ಮಂಕು ಕಳೆಯಲೆಂದು ಜನ ತಿನ್ನುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಇಲ್ಲಿ ಚೀಟಿಯಿಲ್ಲದೆ ಅಂಗಡಿಯಲ್ಲೇ ಸಿಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ತಿನ್ನುವವರಲ್ಲಿ ಆ ಔಷಧಗಳ ಬಲ ತಗ್ಗಿಸುತ್ತದೆ, ಖಿನ್ನತೆಯ ಮಾತ್ರೆ ಜೊತೆ ಸೇರಿದರೆ ಅಪಾಯ. ಥೈರಾಯ್ಡ್ ಮಾತ್ರೆ ತಿನ್ನುವವರು ಅಶ್ವಗಂಧ ಶುರುಮಾಡುವ ಮುನ್ನವೂ ಕೇಳಬೇಕು. ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಬೀದಿ ಕೊನೆಯ ಫಾರ್ಮಸಿಸ್ಟ್ ಸಾಕು, ದುಡ್ಡಿಲ್ಲದೆ ಹೇಳುತ್ತಾರೆ.

ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ ಜಿಪಿ (ಇಲ್ಲಿನ ಬಡಾವಣೆಯ ಡಾಕ್ಟರು) ಹತ್ತಿರ ಕರೆದೊಯ್ಯಿರಿ. ವಿಸಿಟರ್ ವೀಸಾದವರೂ ಜಿಪಿಯನ್ನು ಉಚಿತವಾಗಿ ನೋಡಬಹುದು. ಮುಂದಿನ ಆಸ್ಪತ್ರೆ ಚಿಕಿತ್ಸೆಗೆ ಬಿಲ್ ಬರುತ್ತದೆ, ಇನ್ಶೂರೆನ್ಸ್ ಕಾಗದ ನೋಡಿಕೊಳ್ಳಿ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆಯ ಬಗ್ಗೆ ಕೇಳಿ: ಸಸ್ಯಾಹಾರಿಗಳಲ್ಲೂ ವರ್ಷಗಟ್ಟಲೆ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ತಿಂದವರಲ್ಲೂ ಬಿ12 ಕಡಿಮೆ ಇರುವುದುಂಟು, ಅದರ ಸುಸ್ತು ಖಿನ್ನತೆಯಂತೆಯೇ ಕಾಣುತ್ತದೆ. ಮೊದಲ ಚಳಿಗಾಲದಲ್ಲೇ ಋತುಮಾನದ ಖಿನ್ನತೆ ಎಂಬ ಹೆಸರು ಹಚ್ಚಲು ಡಾಕ್ಟರು ಹಿಂಜರಿಯಬಹುದು, ಅದೇ ಕಾಲಕ್ಕೆ ಮರುಕಳಿಸುತ್ತದೆಯೇ ಅಂತ ನೋಡಬೇಕಾಗುತ್ತದೆ. ಕತ್ತಲೆಯೊಂದೇ ಕಾರಣವಾಗಿರಬೇಕಿಲ್ಲ: ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಇಡೀ ದಿನ ಮಾತಿಗೊಬ್ಬರಿಲ್ಲದೆ ಕೂತರೆ ಜೂನ್‌ನಲ್ಲೂ ಮಂಕು ಕವಿಯುತ್ತದೆ. ಕನ್ನಡ ದುಭಾಷಿ ಬೇಕೆಂದು ಮೊದಲೇ ಹೇಳಿದರೆ ಫೋನಿನಲ್ಲಾದರೂ ಒದಗಿಸಲು ನೋಡುತ್ತಾರೆ. ಸೊಸೆಯ ಎದುರು ಹೇಳಲಾಗದ್ದನ್ನು ಅತ್ತೆ ಅಪರಿಚಿತರಿಗೆ ಹೇಳಿಯಾರು.

"ಇದ್ದೇನು ಪ್ರಯೋಜನ" ಎಂಬ ಮಾತು ಬಂದರೆ ಮಾತ್ರ ಕಾಯಬೇಡಿ. ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಮಾನಸಿಕ ಆರೋಗ್ಯದ ನೆರವಿಗೆ 2 ಒತ್ತಿ. ಪ್ರಾಣಾಪಾಯ ಅನ್ನಿಸಿದರೆ ತುರ್ತು ಸೇವೆಯ 999.

ಟಿಕೆಟ್ ಇನ್ನೂ ತೆಗೆಸಿಲ್ಲವಾದರೆ, ಆರು ತಿಂಗಳ ವೀಸಾವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸಿ. ಬಾಣಂತನಕ್ಕೆ ಬರುವ ಅಮ್ಮಂದಿರಿಗೆ ಆ ಆಯ್ಕೆ ಇಲ್ಲ, ತಾರೀಖು ಕೂಸಿನ ಕೈಯಲ್ಲಿರುತ್ತದೆ. ಅಂಥವರ ಸೂಟ್‌ಕೇಸಿನಲ್ಲಿ ಊರಿನ ಡಾಕ್ಟರ ಚೀಟಿ, ಮಾತ್ರೆಗಳ ಹೆಸರು-ಪ್ರಮಾಣದ ಪಟ್ಟಿ ಮೊದಲು ಹಾಕಿಸಿ. ಮಿಕ್ಕ ಜಾಗದಲ್ಲಿ ಚಕ್ಕುಲಿ ಡಬ್ಬಿ.